ಹಳೇ ಪರ್ಷಿಯನ್ ನಾಣ್ಯ ಕಲೆಕ್ಟ್ ಮಾಡೋಕೆ ಎಲ್ಲಿಂದ ಶುರು ಮಾಡ್ಲಿ? ಅನುಭವ ಇದ್ದೋರು ಹೇಳಿ

ಮೈಸೂರ್‌ಹುಡುಗ:
ಎಲ್ಲರಿಗೂ ನಮಸ್ಕಾರ. ದುಬೈನಲ್ಲಿ ಕೆಲಸ ಮಾಡ್ತಿದ್ದೀನಿ. ಸ್ಕೂಲ್ ದಿನಗಳಿಂದ ಮೈಸೂರಿನ ಆನೆ ಕಾಸು, ಒಡೆಯರ ಕಾಲದ ಕಾಸು ಕೂಡಿಟ್ಟುಕೊಂಡು ಬಂದಿದ್ದೀನಿ, ಈಗ ಇರಾನಿನ ಹಳೇ ನಾಣ್ಯಗಳ ಹುಚ್ಚು ಹಿಡಿದಿದೆ. ಇಲ್ಲಿ ಪರಿಚಯದೋರೊಬ್ಬರು ಡೇರಿಯಸ್ ರಾಜನ ಚಿನ್ನದ ನಾಣ್ಯ ಅಂತ ಒಂದು ತೋರಿಸಿದ್ರು, ಬಿಲ್ಲು ಹಿಡಿದು ಮಂಡಿಯೂರಿರೋ ರಾಜ ಇದ್ದಾನೆ, ರೇಟು ಇವತ್ತಿನ ಚಿನ್ನದ ರೇಟಿಗಿಂತ ಸ್ವಲ್ಪ ಜಾಸ್ತಿ ಅಷ್ಟೇ. ತಗೋಬಹುದಾ? ಇಲ್ಲಾಂದ್ರೆ ಮೊದಲನೇ ನಾಣ್ಯ ಯಾವುದು ತಗೊಳ್ಳಿ ಅಂತೀರಾ?

ಕಾಸಿನಚೀಲ:
ಬೇಡ. ನೀವು ಹೇಳೋ ಆ ಚಿನ್ನದ ನಾಣ್ಯಕ್ಕೆ ಡೇರಿಕ್ ಅಂತಾರೆ, ಅಸಲಿ ಡೇರಿಕ್ ಅಂದ್ರೆ 8.4 ಗ್ರಾಂ ಹತ್ತಿರ ಇರೋ ಒಳ್ಳೇ ಚಿನ್ನ, ಅದನ್ನ ಚಿನ್ನದ ರೇಟಿಗೆ ಯಾರೂ ಮಾರಲ್ಲ, ಹರಾಜಲ್ಲಿ ಲಕ್ಷಗಟ್ಟಲೆ ಹೋಗತ್ತೆ. ನಿಮ್ಮ ಪರಿಚಯದೋರು ಒಳ್ಳೇವ್ರೇ ಇರಬಹುದು, ಅವರಿಗೆ ಕೊಟ್ಟೋನು ಯಾರು ಅಂತ ಕೇಳಿ.

ಆ ಬಿಲ್ಲುಗಾರ ರಾಜನೇ ಬೇಕು ಅಂದ್ರೆ ಬೆಳ್ಳಿದು ತಗೊಳ್ಳಿ, ಸಿಗ್ಲೋಸ್ ಅಂತಾರೆ, ಐದೂವರೆ ಗ್ರಾಂ ಆಸುಪಾಸು, ಇಂಥ 20 ಕೊಟ್ರೆ ಒಂದು ಡೇರಿಕ್ ಆಗ್ತಿತ್ತು. ಇವನ್ನ ಹೆಚ್ಚಾಗಿ ಇರಾನಿನ ಒಳಗಲ್ಲ, ಈಗಿನ ಟರ್ಕಿಯ ಸಾರ್ಡಿಸ್ ಕಡೆ ಹೊಡೀತಿದ್ರು. ಅಕ್ಷರ ಒಂದೂ ಇರಲ್ಲ, ಹಿಂದುಗಡೆ ಬರೀ ಒಂದು ಉದ್ದನೆ ಗುದ್ದು. ಮೇಲೆ ಚಂದ್ರ, ಚಕ್ರ ಥರ ಸಣ್ಣ ಸಣ್ಣ ಮುದ್ರೆ ಬಿದ್ದಿದ್ರೆ ಹಾಳಾಗಿದೆ ಅಂದ್ಕೋಬೇಡಿ, ಆಗಿನ ಸಾಹುಕಾರರು ಒಳಗೂ ಬೆಳ್ಳಿನೇ ಇದೆಯಾ ಅಂತ ಪರೀಕ್ಷೆ ಮಾಡಿ ಹಾಕಿದ್ದು, ಯಾಕಂದ್ರೆ ತಾಮ್ರದ ಮೇಲೆ ಬೆಳ್ಳಿ ಹೊದಿಸಿ ಮೋಸ ಮಾಡೋರು ಆಗಲೂ ಇದ್ರು. ನನಗಂತೂ ಮುದ್ರೆ ಬಿದ್ದಿರೋದೇ ಇಷ್ಟ. ಕ್ರಿ.ಪೂ. 394ರಲ್ಲಿ ಸ್ಪಾರ್ಟಾದ ರಾಜ ಅಜೆಸಿಲಾಸ್ ಏಷ್ಯಾ ಬಿಟ್ಟು ವಾಪಸ್ ಹೋಗಬೇಕಾಯ್ತು, ಪರ್ಷಿಯನ್ನರು ದುಡ್ಡು ಚೆಲ್ಲಿ ಗ್ರೀಸಿನೊಳಗೇ ಅವನಿಗೆ ವೈರಿಗಳನ್ನ ಎಬ್ಬಿಸಿದ್ರು. ಸಾವಿರಾರು ಬಿಲ್ಲುಗಾರರು ಸೇರಿ ನನ್ನನ್ನ ಓಡಿಸಿದ್ರು ಅಂದನಂತೆ, ಅವನು ಹೇಳಿದ್ದು ಈ ನಾಣ್ಯದ ಮೇಲಿನ ಬಿಲ್ಲುಗಾರನ್ನ!

ಇತಿಹಾಸದಮೇಡಂ:
ಸಿಗ್ಲೋಸ್ ಚೆನ್ನಾಗೇ ಇರತ್ತೆ, ಆದ್ರೆ ಯಾವ ರಾಜ ಯಾವ ವರ್ಷ ಅಂತ ಅದು ಹೇಳಲ್ಲ. ಮೊದಲನೇ ನಾಣ್ಯ ಓದೋಕೆ ಬರೋ ಅಂಥದ್ದಿರಲಿ ಅನ್ನೋದು ನನ್ನ ಅಭಿಪ್ರಾಯ. ಅದಕ್ಕೆ ಸಸಾನಿಯನ್ ದ್ರಾಕ್ಮ್, ಅಂದ್ರೆ ಇಸ್ಲಾಂ ಬರೋಕೆ ಮುಂಚೆ ಇರಾನ್ ಆಳಿದ ಕೊನೇ ರಾಜವಂಶದ ಬೆಳ್ಳಿ ನಾಣ್ಯ, ಅದ್ರಲ್ಲೂ ಎರಡನೇ ಖುಸ್ರೋದು (590–628). ಬೇಕಾದಷ್ಟು ಸಿಗತ್ತೆ, ಬೆಲೆ ಕೈಗೆಟುಕತ್ತೆ, ಬೆಳ್ಳಿ ಚೆನ್ನಾಗಿರತ್ತೆ, 4 ಗ್ರಾಂ ಚಿಲ್ಲರೆ ತೂಕದ ಅಗಲವಾದ ತೆಳ್ಳನೆ ಬಿಲ್ಲೆ. ಮುಂದುಗಡೆ ರೆಕ್ಕೆ ಇರೋ ಕಿರೀಟದ ರಾಜ, ಹಿಂದೆ ಬೆಂಕಿಯ ವೇದಿ, ಅದರ ಆಚೆ ಈಚೆ ಇಬ್ಬರು ನಿಂತಿರ್ತಾರೆ. ಹಿಂದುಗಡೆನೇ ಎಡಕ್ಕೆ ಆಳ್ವಿಕೆಯ ವರ್ಷ, ಬಲಕ್ಕೆ ಟಂಕಸಾಲೆಯ ಹೆಸರಿನ ಎರಡು ಮೂರು ಅಕ್ಷರ. ಅದ್ರಲ್ಲಿರೋ ಆಗಿನ ಇರಾನಿನ ಪಹ್ಲವಿ ಲಿಪಿ ಪೂರ್ತಿ ಕಲಿಯೋದು ಕಷ್ಟ, ಆದ್ರೆ ವರ್ಷದ ಪದಗಳ ಚಾರ್ಟ್ ಪಕ್ಕದಲ್ಲಿಟ್ಕೊಂಡು ನಿಧಾನಕ್ಕೆ ಹೋಲಿಸಿದ್ರೆ ಬರತ್ತೆ, ನನಗೆ ಪದಬಂಧ ಬಿಡಿಸಿದಷ್ಟೇ ಖುಷಿ. ಸಸಾನಿಯನ್ನರಲ್ಲಿ ರಾಜನಿಂದ ರಾಜನಿಗೆ ಕಿರೀಟ ಬದಲಾಗ್ತಿತ್ತು, ರೋಮಿನ ಚಕ್ರವರ್ತಿ ವಲೇರಿಯನ್‌ನ 260ರಲ್ಲಿ ಸೆರೆ ಹಿಡಿದ ಮೊದಲನೇ ಶಾಪುರನದು ಕೋಟೆಯ ತೆನೆ ಥರ ಇರತ್ತೆ, ಹಾಗಾಗಿ ಅಕ್ಷರ ಸವೆದಿದ್ರೂ ಕಿರೀಟ ನೋಡಿ ಗುರುತು ಹಿಡೀಬಹುದು.

ಇನ್ನೊಂದು, ಇದು ಕನ್ನಡದೋರಿಗಂತಲೇ. ಖುಸ್ರೋನ 36ನೇ ವರ್ಷ, ಅಂದ್ರೆ 625–26ರ ಸುಮಾರಿಗೆ, ಭಾರತದ ರಾಜನೊಬ್ಬನಿಂದ ಕಾಗದ, ಉಡುಗೊರೆ ಬಂತು ಅಂತ ಹಳೇ ಕಾಲದ ಅರಬ್ಬಿ ಇತಿಹಾಸಕಾರ ಅಲ್-ತಬರಿ ಬರೆದಿದ್ದಾನೆ, ಆ ರಾಜ ನಮ್ಮ ಬಾದಾಮಿಯ ಇಮ್ಮಡಿ ಪುಲಿಕೇಶಿನೇ ಅಂತ ತುಂಬಾ ಇತಿಹಾಸಕಾರರು ಗುರುತಿಸ್ತಾರೆ. ಅಜಂತಾದ ಒಂದನೇ ಗುಹೆ ಚಿತ್ರದಲ್ಲಿರೋದೂ ಪುಲಿಕೇಶಿಯ ಆಸ್ಥಾನಕ್ಕೆ ಬಂದ ಪರ್ಷಿಯಾದ ರಾಯಭಾರಿನೇ ಅನ್ನೋದನ್ನ ಮಾತ್ರ ಈಗ ಬಹಳ ಜನ ಒಪ್ಪಲ್ಲ, ಅದು ಬಿಡಿ. ಅದೇ 36ನೇ ವರ್ಷದ ದ್ರಾಕ್ಮ್ ಹುಡುಕಿ ತಗೊಳ್ಳಿ ಅಂತೀನಿ ನಾನು.

ಗುಮ್ಮಟದೂರು:
ಮೇಡಂ ಹೇಳಿದ್ದು ಖರೇ ಅದ. ನಮ್ಮ ವಿಜಾಪುರಕ್ಕೂ ಪರ್ಷಿಯಾದ ನಂಟು ಐತ್ರಿ, ಆದ್ರ ಅದು ಬಹಳ ಈಚಿಂದು. ಇರಾನಿನ ಲಾರ್ ಅನ್ನೋ ಊರಿನ ಕಡೆಯಿಂದ ಬಂದ ಲಾರಿ ಅಂತ ನಾಣ್ಯ, ಬೆಳ್ಳಿ ತಂತಿ ಮಡಚಿ ಮ್ಯಾಲೆ ಮುದ್ರಿ ಹೊಡದಿದ್ದು, ನೋಡಾಕ ತಲಿಗೆ ಹಾಕೋ ಪಿನ್ನಿನಂಗ ಕಾಣ್ತೈತಿ. ಅದನ್ನ ನಮ್ಮ ಆದಿಲ್‌ಶಾಹಿ ಮಂದಿನೂ ಹೊಡಸಿದ್ರು. ಹಳೇ ಪರ್ಷಿಯಾ ಅಲ್ಲ ಖರೇ, ಆದ್ರ ನಿಮ್ಮ ಸಂಗ್ರಹದಾಗ ಮೈಸೂರು ಕಾಸಿನ ಬಾಜೂಕ ಇದೂ ಒಂದು ಇರಲಿ.

ಕಾಸಿನಚೀಲ:
ಸಸಾನಿಯನ್ನರಿಗಿಂತ ಮುಂಚೆ ಇರಾನ್ ಆಳಿದ ಪಾರ್ಥಿಯನ್ನರನ್ನ ಎಲ್ರೂ ಮರ್ತೇಬಿಟ್ರಲ್ಲ! ಅವರ ದ್ರಾಕ್ಮ್ ಚಿಕ್ಕದು, ದಪ್ಪ, ಹಿಂದೆ ಬಿಲ್ಲು ಹಿಡ್ಕೊಂಡು ಕೂತಿರೋ ಮನುಷ್ಯ, ಸುತ್ತ ಗ್ರೀಕ್ ಅಕ್ಷರ, ಕಾಲ ಕಳೆದ ಹಾಗೆ ಅಕ್ಷರ ಕೆಟ್ಟು ಬರೀ ಗೀಟು ಆಗೋಗತ್ತೆ. ತೊಂದ್ರೆ ಏನಂದ್ರೆ ಹೆಚ್ಚುಕಡಿಮೆ ಎಲ್ಲಾ ರಾಜರೂ ಅರ್ಸಾಕೆಸ್ ಅಂತಲೇ ಹಾಕ್ಕೊಳ್ತಿದ್ರು, ಅದಕ್ಕೆ ಗಡ್ಡ, ಕಿರೀಟ ನೋಡಿ ಗುರುತಿಸಬೇಕು. ಕ್ರಿ.ಪೂ. 53ರಲ್ಲಿ ಕಾರ್ಹೆ ಹತ್ರ ರೋಮಿನ ಕ್ರಾಸಸ್ ಸೈನ್ಯನ ಪುಡಿ ಮಾಡಿದ್ದು ಎರಡನೇ ಒರೋಡಿಸ್‌ನ ಕಾಲದಲ್ಲಿ, ನಾಣ್ಯದಲ್ಲಿ ಆ ಒರೋಡಿಸ್‌ನ ಹಣೆ ಮೇಲೆ ಒಂದು ನರುಳಿ ಇರತ್ತೆ, ಅದನ್ನೂ ಬಿಡದೆ ಕೆತ್ತಿದ್ದಾರೆ. ಎರಡನೇ ನಾಣ್ಯ ಅವನದೇ ಇರಲಿ.

ಮೈಸೂರ್‌ಹುಡುಗ:
ತುಂಬಾ ಥ್ಯಾಂಕ್ಸ್. ಡೇರಿಕ್ ಬೇಡ ಅಂತ ಹೇಳಿಬಿಟ್ಟೆ. ಖುಸ್ರೋದು ಒಂದು ನೋಡಿದೀನಿ, ಸ್ವಲ್ಪ ಕಪ್ಪಾಗಿದೆ. ತೊಳೀಬಹುದಾ? ಆಮೇಲೆ ಡುಪ್ಲಿಕೇಟ್ ಅಂತ ಗೊತ್ತಾಗೋದು ಹೇಗೆ? ಊರಿಗೆ ತರೋದು?

ಇತಿಹಾಸದಮೇಡಂ:
ಹುಣಸೆಹಣ್ಣು, ಪೀತಾಂಬರಿ ಹತ್ರಕ್ಕೂ ತರಬೇಡಿ ಪ್ಲೀಸ್, ಆ ಕಪ್ಪು ಇದ್ರೇನೇ ಚೆಂದ, ಉಜ್ಜಿದ್ರೆ ಬೆಲೆನೂ ಹೋಗತ್ತೆ. ಸಸಾನಿಯನ್ ಬೆಳ್ಳಿ ತೆಳ್ಳಗಿರೋದ್ರಿಂದ, ಮಣ್ಣಲ್ಲಿ ಶತಮಾನಗಟ್ಟಲೆ ಇದ್ದು ಒಳಗೊಳಗೇ ಪೆಳಸಾಗಿರೋ ಚಾನ್ಸ್ ಇರತ್ತೆ, ಬಗ್ಗಿಸಿ ನೋಡೋದು, ಟೇಬಲ್ ಮೇಲೆ ಟಣ್ ಅನ್ನಿಸೋದು ಮಾಡಬೇಡಿ. ಪಿವಿಸಿ ಕವರಲ್ಲೂ ಇಡಬೇಡಿ, ಹಸಿರು ಜಿಡ್ಡು ಹಿಡಿಯತ್ತೆ.

ಕಾಸಿನಚೀಲ:
ಮೊದಲು ತೂಕ ನೋಡಿ. ಕಮ್ಮಿ ಇದ್ದ ಮಾತ್ರಕ್ಕೆ ಡುಪ್ಲಿಕೇಟ್ ಅಲ್ಲ, ಅಂಚು ಕತ್ತರಿಸಿರೋ ದ್ರಾಕ್ಮ್ ತುಂಬಾ ಇವೆ. ಅಂಚಿನ ಸುತ್ತ ಜಾಯಿಂಟ್ ಗೆರೆ, ಮೈಮೇಲೆ ಸಣ್ಣ ಗುಳ್ಳೆ, ಸೋಪಿನ ಹಾಗೆ ನುಣುಪು ಕಂಡ್ರೆ ಅದು ಎರಕ ಹೊಯ್ದಿದ್ದು, ಅಸಲಿ ನಾಣ್ಯನ ಅಚ್ಚಿಟ್ಟು ಸುತ್ತಿಗೆಯಲ್ಲಿ ಹೊಡೀತಿದ್ರು. ಒಬ್ಬನ ಹತ್ರನೇ ಒಂದೇ ಥರ ಕಲೆ, ಒಂದೇ ಕಡೆ ಸೀಳು ಇರೋ ಎರಡು ನಾಣ್ಯ ಕಂಡ್ರೆ ಎದ್ದು ಬನ್ನಿ. ಊರಿಗೆ ತರೋದಾದ್ರೆ ಎಲ್ಲಿಂದ ಬಂತು ಅನ್ನೋದು ಬರೆದಿರೋ ಬಿಲ್ ಇಟ್ಕೊಳ್ಳಿ, ಕಸ್ಟಮ್ಸಲ್ಲಿ ಮೊದಲೇ ವಿಚಾರಿಸಿ ಡಿಕ್ಲೇರ್ ಮಾಡಿ. ನೂರು ವರ್ಷ ದಾಟಿದ ನಾಣ್ಯ 1972ರ ಪ್ರಾಚ್ಯವಸ್ತು ಕಾಯ್ದೆ ಕೆಳಗೆ ಬರತ್ತೆ, ಒಂದ್ಸಲ ಇಂಡಿಯಾಕ್ಕೆ ಬಂದ್ಮೇಲೆ ನಮ್ಮಿಷ್ಟಕ್ಕೆ ವಾಪಸ್ ದುಬೈಗೆ ಒಯ್ಯೋಕಾಗಲ್ಲ. ವಾಪಸ್ ಒಯ್ಯೋ ಯೋಚನೆ ಇದ್ರೆ ಅಲ್ಲೇ ಇಟ್ಕೊಂಡಿರಿ. ಹಾಂ, ಆ ಖುಸ್ರೋದ ಹಿಂದುಗಡೆ ಫೋಟೋ ಹಾಕಿ, ಎಡಗಡೆ ವರ್ಷ ಏನಿದೆ ನೋಡೋಣ.