ಹ್ಯಾಮ್ ತಿಂದು ಉಳಿದ ಮೂಳೆಯಿಂದ ಸ್ಟಾಕ್: ಉಪ್ಪನ್ನು ಹಿಡಿತದಲ್ಲಿಡುವುದು ಹೇಗೆ?

ಪ್ರಶ್ನೆ

ನಾವು ಮೂಲತಃ ಕೊಡಗಿನವರು. ಈಗ ಅಮೆರಿಕದ ಟೆಕ್ಸಸ್‌ನಲ್ಲಿ ನೆಲೆಸಿದ್ದೇವೆ. ಕ್ರಿಸ್‌ಮಸ್ ಊಟಕ್ಕೆ ತಂದಿದ್ದ ಹ್ಯಾಮ್ (ಉಪ್ಪಿನಲ್ಲಿ ಹದಗೊಳಿಸಿದ ಹಂದಿಯ ತೊಡೆಮಾಂಸ) ಮುಗಿದು, ಅಲ್ಲಲ್ಲಿ ಮಾಂಸದ ಚೂರು ಅಂಟಿಕೊಂಡಿರುವ ದೊಡ್ಡ ಮೂಳೆಯೊಂದು ಫ್ರೀಜರ್‌ನಲ್ಲಿದೆ. ಹಸಿ ಹಂದಿಮಾಂಸದ ಮೂಳೆಯನ್ನು ಬೇಯಿಸಿ ಸಾರು ಮಾಡುವ ರೂಢಿ ನಮ್ಮ ಮನೆಯಲ್ಲಿದೆ. ಆದರೆ ಇದು ಉಪ್ಪುನೀರಿನಲ್ಲಿ ನೆನೆದು, ಹೊಗೆ ಕುಡಿದು, ಮೇಲೆ ಜೇನು ಮತ್ತು ಕಂದು ಸಕ್ಕರೆಯ ಲೇಪ ಹೊತ್ತು ಬಂದ ಮಾಂಸವಾದ್ದರಿಂದ ಆ ಕ್ರಮ ಇಲ್ಲಿ ನಡೆಯಲಾರದು ಎನಿಸುತ್ತದೆ. ಮೊದಲ ನೀರನ್ನು ಚೆಲ್ಲಬೇಕೆ, ಎಷ್ಟು ಹೊತ್ತು ಬೇಯಿಸಬೇಕು, ಪ್ರೆಷರ್ ಕುಕ್ಕರ್ ಆದೀತೆ, ಕೊನೆಗೆ ಆ ಸ್ಟಾಕನ್ನು, ಅಂದರೆ ಮೂಳೆ ಬೇಯಿಸಿ ಸೋಸಿದ ರಸವನ್ನು, ಯಾವ ಅಡುಗೆಗೆ ಬಳಸಬಹುದು ಎಂಬುದನ್ನು ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1

ನಿಮ್ಮ ಅನುಮಾನ ಸರಿಯಾಗಿಯೇ ಇದೆ. ಹಸಿ ಮೂಳೆಯ ಸಾರಿಗೆ ನಾವು ಉಪ್ಪು ಹಾಕುತ್ತೇವೆ; ಹ್ಯಾಮ್ ಮೂಳೆ ತನ್ನ ಉಪ್ಪನ್ನು ತಾನೇ ತರುತ್ತದೆ. ಆದ್ದರಿಂದ ಪಾತ್ರೆಗೆ ಉಪ್ಪು ಹಾಕಲೇಬಾರದು. ಅದಕ್ಕಿಂತ ಮುಖ್ಯವಾಗಿ, ಸ್ಟಾಕನ್ನು ಕುದಿಸಿ ಇಂಗಿಸಲೂಬಾರದು, ಏಕೆಂದರೆ ನೀರು ಆವಿಯಾದರೂ ಉಪ್ಪು ಅಲ್ಲಿಯೇ ಉಳಿಯುತ್ತದೆ.

ಮೂಳೆಗೆ ಅಂಟಿರುವ ಸಕ್ಕರೆಯ ಲೇಪವನ್ನು ಬಿಸಿನೀರಿನಲ್ಲಿ ಉಜ್ಜಿ ತೊಳೆಯಿರಿ. ಕೊಬ್ಬಿಗೆ ಚುಚ್ಚಿದ ಲವಂಗಗಳಿದ್ದರೆ ಒಂದೊಂದಾಗಿ ಕಿತ್ತುಹಾಕಿ, ಇಲ್ಲವಾದರೆ ಸ್ಟಾಕೆಲ್ಲ ಲವಂಗವೇ ಆಗುತ್ತದೆ. ನಂತರ ದೊಡ್ಡ ಪಾತ್ರೆಯಲ್ಲಿಟ್ಟು ಮೂಳೆ ಮುಳುಗಿ ಮೇಲೆ ಎರಡು ಬೆರಳು ನಿಲ್ಲುವಷ್ಟು ತಣ್ಣೀರು ಹೊಯ್ಯಿರಿ. ಒಂದು ಕಿಲೋ ತೂಗುವ ಮೂಳೆಗೆ ಸುಮಾರು ಮೂರು ಲೀಟರ್ ನೀರು ಹಿಡಿಯುತ್ತದೆ. ಕುದಿ ಬಂದೊಡನೆ ಉರಿ ತಗ್ಗಿಸಿ, ಮೇಲ್ಮೈಯಲ್ಲಿ ಅಲ್ಲೊಂದು ಇಲ್ಲೊಂದು ಗುಳ್ಳೆ ಏಳುವ ಹದದಲ್ಲಿ ಎರಡರಿಂದ ಮೂರು ಗಂಟೆ ಇಡಿ. ಕೊತಕೊತ ಕುದಿದರೆ ಕೊಬ್ಬು ನೀರಿನಲ್ಲಿ ಒಡೆದು ಬೆರೆತು ಸ್ಟಾಕ್ ಮಬ್ಬಾಗುತ್ತದೆ. ಈರುಳ್ಳಿ, ಕ್ಯಾರೆಟ್, ಸೆಲರಿ, ಕರಿಮೆಣಸಿನ ಕಾಳುಗಳನ್ನು ಕೊನೆಯ ಒಂದು ಗಂಟೆಗೆ ಹಾಕಿದರೆ ಸಾಕು. ನಮ್ಮ ಪಲಾವ್ ಎಲೆಯನ್ನು ಮಾತ್ರ ಹಾಕಬೇಡಿ: ಅದರ ವಾಸನೆ ದಾಲ್ಚಿನ್ನಿಯ ಕಡೆಗೆ ಎಳೆಯುತ್ತದೆ. ಇಲ್ಲಿಯ ಅಂಗಡಿಗಳಲ್ಲಿ ಸಿಗುವ ಬೇ ಎಲೆ ಬೇರೆಯೇ ಗಿಡದ್ದು. ಹ್ಯಾಮ್‌ಗೆ ಅದೇ ಒಪ್ಪುತ್ತದೆ.

ಕುಕ್ಕರ್ ಖಂಡಿತ ಆಗುತ್ತದೆ. ಒತ್ತಡ ಬಂದ ಮೇಲೆ ಸಣ್ಣ ಉರಿಯಲ್ಲಿ 45 ನಿಮಿಷದಿಂದ ಒಂದು ಗಂಟೆ ಇಟ್ಟು, ಒತ್ತಡ ತಾನಾಗಿ ಇಳಿಯುವವರೆಗೆ ಕಾಯಿರಿ. ಅವಸರಪಟ್ಟು ಹಬೆ ಬಿಟ್ಟರೆ ಒಳಗಿನ ನೀರು ಒಮ್ಮೆಗೇ ಉಕ್ಕಿ ಕುದಿದು ಕಲಕಿಹೋಗುತ್ತದೆ.

ಉತ್ತರ 2

ಮೊದಲ ನೀರಿನ ವಿಷಯವನ್ನು ಮೇಲಿನವರು ಬಿಟ್ಟಿದ್ದಾರೆ. ಅದು ಹ್ಯಾಮ್ ಯಾವ ಬಗೆಯದು ಎಂಬುದನ್ನು ಅವಲಂಬಿಸಿದೆ. ಸೂಪರ್ ಮಾರ್ಕೆಟ್‌ಗಳಲ್ಲಿ ಸಾಮಾನ್ಯವಾಗಿ ಸಿಗುವುದು ಉಪ್ಪುನೀರು ತುಂಬಿಸಿ ಹದಗೊಳಿಸಿ, ಬೇಯಿಸಿಯೇ ಮಾರುವ ಹ್ಯಾಮ್. ಅದರ ಮೂಳೆಗೆ ನೀರು ಚೆಲ್ಲುವ ಅಗತ್ಯವಿಲ್ಲ, ಚೆಲ್ಲಿದರೆ ಉಪ್ಪಿನ ಜೊತೆಗೆ ಹೊಗೆಯ ಪರಿಮಳವೂ ಹೋಗುತ್ತದೆ. ವರ್ಜೀನಿಯ, ಕೆಂಟಕಿ ಕಡೆಯ ಕಂಟ್ರಿ ಹ್ಯಾಮ್ ಹಾಗಲ್ಲ. ಅದಕ್ಕೆ ಒಣ ಉಪ್ಪು ಸವರಿ ತಿಂಗಳುಗಟ್ಟಲೆ ತೂಗುಹಾಕಿರುತ್ತಾರೆ. ಅದರ ಮೂಳೆಯಾದರೆ ರಾತ್ರಿಯಿಡೀ ಫ್ರಿಜ್‌ನಲ್ಲಿ ನೀರಿನಲ್ಲಿ ನೆನೆಸಿ, ಆ ನೀರನ್ನು ಚೆಲ್ಲಿಯೇ ಒಲೆಗಿಡಬೇಕು. ಜೇನಿನ ಲೇಪವಿದೆ ಎಂದಿರುವುದರಿಂದ ನಿಮ್ಮದು ಮೊದಲನೆಯ ಬಗೆಯದೇ ಇರಬೇಕು.

ಇನ್ನೊಂದು ಮಾತು. ತಣಿದ ಮೇಲೆ ಸ್ಟಾಕ್ ಲೋಳೆಯಂತೆ ಗಟ್ಟಿಯಾಗದಿದ್ದರೆ ಗಾಬರಿಯಾಗಬೇಡಿ. ಈ ಮೂಳೆ ಒಮ್ಮೆ ಬೆಂದದ್ದು. ಅದರ ಕೊಲಾಜೆನ್‌ನಲ್ಲಿ (ಮೂಳೆ, ಕೀಲುಗಳಲ್ಲಿರುವ ಪ್ರೋಟೀನ್) ಸ್ವಲ್ಪ ಭಾಗ ಆಗಲೇ ಜೆಲಟಿನ್ ಆಗಿ, ಅಂದರೆ ಸ್ಟಾಕನ್ನು ಗಟ್ಟಿಗೊಳಿಸುವ ಅಂಟಾಗಿ, ಕರಗಿಹೋಗಿರುತ್ತದೆ. ಕಾಲಿನ ಗಂಟಿನ ಭಾಗವಿದ್ದರೆ ಸ್ಟಾಕ್ ಚೆನ್ನಾಗಿ ಗಟ್ಟಿಯಾಗುತ್ತದೆ. ತೊಡೆಯ ಮೇಲ್ಭಾಗದ ಮೂಳೆಯಾದರೆ ಮೆಕ್ಸಿಕನ್ ಅಥವಾ ಚೀನೀ ಅಂಗಡಿಯಿಂದ ಒಂದು ಹಸಿ ಹಂದಿಕಾಲನ್ನು ತಂದು ಜೊತೆಗೆ ಹಾಕಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಉಪ್ಪು ಹೆಚ್ಚಾದರೆ ಆಲೂಗಡ್ಡೆ ಹಾಕಿದರೆ ಎಳೆದುಕೊಳ್ಳುತ್ತದೆ ಎಂದು ಊರಿನಲ್ಲಿ ಹಿರಿಯರು ಹೇಳುತ್ತಿದ್ದರು. ಇಲ್ಲಿಯೂ ಅದು ನಡೆಯುತ್ತದೆಯೆ? ಮನೆಯಲ್ಲಿ ಕಾಚಂಪುಳಿಯೂ (ನಮ್ಮ ಕೊಡಗಿನ ಕಪ್ಪು ಹುಳಿರಸ) ಇದೆ, ಅದನ್ನು ಹಾಕಬಹುದೆ?

ಉತ್ತರ 3

ಆಲೂಗಡ್ಡೆ ಉಪ್ಪನ್ನು ಮಾತ್ರ ಆರಿಸಿ ಕುಡಿಯುವುದಿಲ್ಲ. ಉಪ್ಪುನೀರನ್ನು ಕುಡಿಯುತ್ತದೆ, ಉಳಿದ ನೀರಿನ ಉಪ್ಪು ಇದ್ದಷ್ಟೇ ಇರುತ್ತದೆ. ಉಪ್ಪಿಗೆ ಮದ್ದು ನೀರೇ. ಆದರೆ ಬರೀ ನೀರು ಬೆರೆಸಿ ಸಪ್ಪೆ ಮಾಡುವುದಕ್ಕಿಂತ, ಉಪ್ಪಿಲ್ಲದ ಕಾಳು, ಬೇಳೆ, ಅಕ್ಕಿಗಳಿಗೆ ಈ ಸ್ಟಾಕನ್ನು ಕೊಟ್ಟುಬಿಡುವುದು ಜಾಣತನ. ನನ್ನ ಅಭಿಪ್ರಾಯದಲ್ಲಿ ಹ್ಯಾಮ್ ಸ್ಟಾಕ್ ಬಟ್ಟಲಿಗೆ ಹೊಯ್ದು ಕುಡಿಯುವ ಪದಾರ್ಥವೇ ಅಲ್ಲ, ಕಾಳು ಬೇಯಿಸುವ ನೀರು. ಅಮೆರಿಕನ್ನರ ಒಡೆದ ಬಟಾಣಿಯ ಸೂಪು ಇದರಿಂದಲೇ ಆಗುವುದು. ವಾಷಿಂಗ್ಟನ್‌ನಲ್ಲಿರುವ ಸೆನೆಟ್‌ನ (ಅಮೆರಿಕದ ಸಂಸತ್ತಿನ ಮೇಲ್ಮನೆ) ಭೋಜನಶಾಲೆಯ ಹೆಸರಾಂತ ಹುರುಳಿಕಾಯಿ ಬೀಜದ ಸೂಪಿನಲ್ಲಿಯೂ ಸುಮಾರು 900 ಗ್ರಾಂ ಒಣ ಬಿಳಿ ಬೀಜದೊಡನೆ 680 ಗ್ರಾಂನಷ್ಟು ಹೊಗೆಯಾಡಿಸಿದ ಹಂದಿಕಾಲಿನ ಗಂಟನ್ನು ಬೇಯಿಸುತ್ತಾರೆ. ಉಪ್ಪನ್ನು ಕೊನೆಯಲ್ಲಿ ರುಚಿ ನೋಡಿಯೇ ಹಾಕುವುದು. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಹೊಸ ವರ್ಷದ ದಿನ ಮಾಡುವ ಹಾಪಿನ್ ಜಾನ್ ಎಂದರೆ ನಮ್ಮ ಅಲಸಂದೆ ಕಾಳು, ಅಕ್ಕಿ ಮತ್ತು ಹಂದಿಮಾಂಸವೇ. ಕ್ರಿಸ್‌ಮಸ್ ಮೂಳೆಗೆ ಇದಕ್ಕಿಂತ ಸಕಾಲದ ಅಡುಗೆ ಬೇರೆ ತೋರುವುದಿಲ್ಲ.

ಕಾಚಂಪುಳಿಯನ್ನು ಕಾಳು ಪೂರ್ತಿ ಬೆಂದು ಒಲೆ ಆರಿಸಿದ ಮೇಲೆ ಕೆಲವೇ ಹನಿ ಹಾಕಿ. ಮೊದಲೇ ಹುಳಿ ಬಿದ್ದರೆ ಕಾಳು ಮೆತ್ತಗಾಗುವುದಿಲ್ಲ.

ಉತ್ತರ 4

ತಣಿಸುವ ಬಗ್ಗೆ ಯಾರೂ ಹೇಳಿಲ್ಲವಾದ್ದರಿಂದ ಸೇರಿಸುತ್ತೇನೆ. ದೊಡ್ಡ ಪಾತ್ರೆಯ ಬಿಸಿ ಸ್ಟಾಕನ್ನು ರಾತ್ರಿಯಿಡೀ ಕಟ್ಟೆಯ ಮೇಲೆ ಬಿಡುವುದು ಅಪಾಯ. ಕುದಿಗೂ ಸಾಯದ ಕೆಲವು ಬ್ಯಾಕ್ಟೀರಿಯಾಗಳ ಬೀಜಾಣುಗಳು ಉಗುರುಬೆಚ್ಚಗಿನ ಸ್ಟಾಕಿನಲ್ಲಿ ಮೊಳೆತು ಬೇಗ ಬೆಳೆಯುತ್ತವೆ. ಸೋಸಿದ ಸ್ಟಾಕನ್ನು ಅಗಲವಾದ ತಟ್ಟೆಪಾತ್ರೆಗಳಿಗೆ ಹಂಚಿ, ಸಿಂಕಿನಲ್ಲಿ ಐಸ್ ನೀರು ತುಂಬಿಸಿ ಅದರಲ್ಲಿಟ್ಟು ಕಲಕಿದರೆ ಬೇಗ ಆರುತ್ತದೆ. ಎರಡು ಗಂಟೆಯೊಳಗೆ ಫ್ರಿಜ್ ಸೇರಬೇಕು. ಮರುದಿನ ಮೇಲೆ ಬಿಳಿಯಾಗಿ ಗಟ್ಟಿಗಟ್ಟಿದ ಕೊಬ್ಬನ್ನು ಚಮಚದಿಂದ ಎತ್ತಿ ಬೇರೆ ಇಡಿ. ಹೊಗೆಯ ಪರಿಮಳವಿರುವ ಆ ಕೊಬ್ಬಿನಲ್ಲಿ ಎಲೆಕೋಸಿನ ಪಲ್ಯ ಸೊಗಸಾಗುತ್ತದೆ. ಸ್ಟಾಕ್ ಫ್ರಿಜ್‌ನಲ್ಲಿ ಮೂರು ನಾಲ್ಕು ದಿನ, ಫ್ರೀಜರ್‌ನಲ್ಲಿ ಎರಡು ಮೂರು ತಿಂಗಳು ಚೆನ್ನಾಗಿರುತ್ತದೆ. ಡಬ್ಬಿಯ ಮೇಲೆ ದಿನಾಂಕದ ಜೊತೆಗೆ ‘ಉಪ್ಪಿದೆ’ ಎಂದೂ ಬರೆದಿಡಿ, ಮನೆಯ ಬೇರೆಯವರು ತೆಗೆದು ಬಳಸುವಾಗ ಇನ್ನಷ್ಟು ಉಪ್ಪು ಸುರಿಯದಿರಲಿ.