ಎಫ್‌ಟಿಇ, ಅಪ್ರೋಪ್ರಿಯೇಶನ್: ಕನ್ನಡದಲ್ಲಿ ಏನನ್ನೋಣ?

ಅಮೆರಿಕದ ಕೊಲೊರಾಡೊ ರಾಜ್ಯದ ಒಂದು ಮಸೂದೆಯ ಸಾರವನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆಯೊಳಗೆ ಕೊಡಬೇಕು. ಕಡಿಮೆ ಆದಾಯದವರ ಆರೋಗ್ಯ ವಿಮೆಯಾದ ಮೆಡಿಕೇಯ್ಡ್ ನಡೆಸುವ ಇಲಾಖೆಗೆ ಹಣ ಮತ್ತು ಸಿಬ್ಬಂದಿ ಒದಗಿಸುವ ಮಸೂದೆ ಅದು. ಇಷ್ಟು ಡಾಲರ್ ಅಪ್ರೋಪ್ರಿಯೇಶನ್, ಇಲಾಖೆಗೆ ಇನ್ನೂ 2.5 ಎಫ್‌ಟಿಇ ಬೇಕಾಗುತ್ತದೆಂಬ ಅಂದಾಜಿನ ಮೇಲೆ, ಅನ್ನುವ ಧಾಟಿ. ಅಪ್ರೋಪ್ರಿಯೇಶನ್ ಅಂದರೆ ಶಾಸನಸಭೆ ಖರ್ಚಿಗೆಂದು ಕೊಡುವ ಹಣ, ಎಫ್‌ಟಿಇ ಅಂದರೆ 'ಫುಲ್-ಟೈಮ್ ಇಕ್ವಿವಲೆಂಟ್', ಸಿಬ್ಬಂದಿಯ ಲೆಕ್ಕ. ಮೊದಲನೆಯದಕ್ಕೆ 'ಅನುದಾನ' ಹಾಕಿದ್ದೇನೆ. ಎರಡನೆಯದಕ್ಕೆ 'ಹುದ್ದೆ' ಅಂದರೆ ಎರಡೂವರೆ ಹುದ್ದೆ ಆಗುತ್ತದೆ. ಓದುವವರು ನಗುತ್ತಾರೆ, ಅಲ್ವಾ?

ಮರು:
'ಅನುದಾನ' ತೆಗೆಯಿರಿ. ನಮ್ಮ ವಿಧಾನಸಭೆಯಲ್ಲಿ ಮೊದಲು ಅನುದಾನದ ಬೇಡಿಕೆಗಳಿಗೆ ಮತ, ಆಮೇಲೆ ಧನವಿನಿಯೋಗ ವಿಧೇಯಕ. ಸಂವಿಧಾನದಲ್ಲಿ 203, 204 ಅಂತ ಎರಡು ವಿಧಿ ಸುಮ್ನೆ ಇಟ್ಟಿಲ್ಲ. ಖಜಾನೆಯಿಂದ ಹಣ ತೆಗೆಯಲು ಕಾನೂನಿನ ಒಪ್ಪಿಗೆ ಸಿಗುವುದು ಎರಡನೆಯದರಿಂದ. ನಿಮಗೆ ಬೇಕಾದ್ದು ಅದೇ, 'ಧನವಿನಿಯೋಗ'.

ಎಫ್‌ಟಿಇ ಹುದ್ದೆಯೇ ಅಲ್ಲ, ಅಳತೆ. ಅಲ್ಲಿ ವರ್ಷಕ್ಕೆ 2,080 ಗಂಟೆ ಕೆಲಸ ಅಂದರೆ ಒಂದು. ವಾರಕ್ಕೆ 40 ಗಂಟೆಯಂತೆ 52 ವಾರ. ಅರ್ಧ ಹೊತ್ತು ದುಡಿಯುವ ಇಬ್ಬರು ಸೇರಿದರೂ ಒಂದೇ. ಅವರ ಲೆಕ್ಕದ ವರ್ಷ ಜುಲೈಗೆ ಶುರು, ಜನವರಿಯಲ್ಲಿ ಸೇರಿದವರು ಆ ವರ್ಷಕ್ಕೆ ಅರ್ಧ. 'ಪೂರ್ಣಾವಧಿ ಲೆಕ್ಕದಲ್ಲಿ 2.5 ಸಿಬ್ಬಂದಿ' ಅನ್ನಿ. ಯಾರೂ ನಗುವುದಿಲ್ಲ.

ಮರು:
ಧನವಿನಿಯೋಗ! ಹಳ್ಳಿಯಲ್ಲಿ ಯಾರಿಗೆ ಗೊತ್ತು ಈ ಪದ? 'ಹಣ ಎತ್ತಿಡಿಕೆ', 'ತುಂಬುಹೊತ್ತಿನೆಣಿಕೆ'. ಎತ್ತಿಡು, ತುಂಬು, ಹೊತ್ತು, ಎಣಿಕೆ, ಎಲ್ಲ ಕನ್ನಡದ ಬೇರಿನವೇ. 'ಹುದ್ದೆ' ಬಿಟ್ಟಿದ್ದು ಒಳ್ಳೆಯದಾಯಿತು. ಅದು ಅರಬ್ಬಿಯ 'ಉಹ್ದಾ', ಮರಾಠಿಯ 'ಹುದ್ದಾ' ಆಗಿ ನಮ್ಮ ಕಚೇರಿಗೆ ಬಂದು ಕೂತದ್ದು.

ಮರು:
'ವಿಮೆ' ಪಾರಸಿ. 'ಸಿಬ್ಬಂದಿ' ಪಾರಸಿ. 'ಖಜಾನೆ', 'ಮಸೂದೆ' ಅರಬ್ಬಿ. ಎಲ್ಲರನ್ನೂ ಹೊರಗೆ ಹಾಕಿದ ಮೇಲೆ ಆ ಇಲಾಖೆಗೆ ಯಾರನ್ನು ನೇಮಿಸುತ್ತೀರಿ?

'ಎತ್ತಿಡಿಕೆ' ಅರ್ಥವೇ ತಪ್ಪು. ಎತ್ತಿಟ್ಟ ಹಣ ಅಂದರೆ ಸದ್ಯಕ್ಕೆ ಮುಟ್ಟದ ಹಣ. ಇದು ಖರ್ಚು ಮಾಡಿ ಅಂತ ಶಾಸನಸಭೆ ಕೈಗೆ ಕೊಟ್ಟ ಹಣ.

ಮರು (ಕೇಳಿದವರು):
ಧನವಿನಿಯೋಗ, ಪೂರ್ಣಾವಧಿ ಲೆಕ್ಕ, ಎರಡನ್ನೂ ಇಟ್ಟುಕೊಂಡೆ. ಇನ್ನೊಂದು ಉಳಿದಿದೆ, 'ಮ್ಯಾಚಿಂಗ್ ಫಂಡ್'. ಮೆಡಿಕೇಯ್ಡ್ ಆಡಳಿತದ ಖರ್ಚಿನಲ್ಲಿ ಸಾಮಾನ್ಯವಾಗಿ ಅರ್ಧವನ್ನು ಒಕ್ಕೂಟ ಸರ್ಕಾರ ಕೊಡುತ್ತದೆ. 'ಸರಿಪಾಲು' ಅನ್ನೋಣವೆಂದರೆ, ಹೊಸ ಕಂಪ್ಯೂಟರ್ ವ್ಯವಸ್ಥೆ ಕಟ್ಟುವಂಥ ಕೆಲಸಕ್ಕೆ ಶೇ. 90ರವರೆಗೂ ಕೊಡುತ್ತಾರೆ. ಆಗ ಪಾಲು ಸರಿಯಾಗಿರುವುದಿಲ್ಲ.

ಮರು:
'ಜೊತೆಪಾಲು'. ರಾಜ್ಯ ಹಾಕಿದರೆ ಮಾತ್ರ ಅದರ ಜೊತೆಗೆ ಬರುವ ಪಾಲು. ಎಷ್ಟು ಅನ್ನುವ ಗೊಡವೆಯೇ ಇಲ್ಲ. ಇದಕ್ಕೂ ಸಂಸ್ಕೃತ ಹುಡುಕಬೇಡಿ.

ಮರು:
ಜೊತೆಪಾಲು ಚೆನ್ನಾಗಿದೆ, ಹಾಕಿಕೊಳ್ಳಿ. ಹಾಗಂತ ಎತ್ತಿಡಿಕೆಯನ್ನು ಒಪ್ಪಿದೆ ಅಂದುಕೊಳ್ಳಬೇಡಿ.