ಶಿವರಾತ್ರಿಗೇ ಕರಾವಳಿಗೆ ಬಿಸಿಗಾಳಿಯ ಎಚ್ಚರಿಕೆ: ತೋಟದವರು ಇದನ್ನು ಹೇಗೆ ಓದಬೇಕು?

ಪ್ರಶ್ನೆ – ತೋಡಿನಕರೆ (ಪುತ್ತೂರು), 26 ಫೆಬ್ರುವರಿ 2025

ಎಲ್ಲರಿಗೂ ನಮಸ್ಕಾರ. ಶಿವರಾತ್ರಿಗೆ ಚಳಿ ‘ಶಿವ ಶಿವಾ’ ಎಂದು ಹೋಗುತ್ತದೆ ಎನ್ನುತ್ತಾರೆ; ಈ ವರ್ಷ ಅದು ಹೇಳದೆ ಕೇಳದೆ ಮೊದಲೇ ಹೋಗಿಬಿಟ್ಟಿದೆ. ಪುತ್ತೂರು ತಾಲೂಕಿನ ಒಳಭಾಗದಲ್ಲಿ ನನಗೆ ಸಣ್ಣದೊಂದು ಅಡಿಕೆ ತೋಟವಿದ್ದು, ನೀರಿಗೆ ಒಂದು ಬಾವಿ ಮತ್ತು ಈ ಹೊತ್ತಿಗಾಗಲೇ ಸೊರಗಿರುವ ಒಂದು ತೋಡು (ಸಣ್ಣ ಹಳ್ಳ) ಮಾತ್ರ ಆಧಾರ. ಹವಾಮಾನ ಇಲಾಖೆ ಕರಾವಳಿಗೆ ಬಿಸಿಗಾಳಿಯ ಎಚ್ಚರಿಕೆ ಕೊಟ್ಟಿದೆ. ಮೊಬೈಲ್ ಆ್ಯಪ್ 35 ಡಿಗ್ರಿ ತೋರಿಸುತ್ತದೆ, ಪತ್ರಿಕೆ 37 ದಾಟಬಹುದು ಎನ್ನುತ್ತದೆ, ನಮ್ಮ ಜಗಲಿಯ ಗೋಡೆಯಲ್ಲಿರುವ ಥರ್ಮಾಮೀಟರ್ ನಿನ್ನೆ ಮಧ್ಯಾಹ್ನ 40 ಮುಟ್ಟಿತು. ಕಲಬುರಗಿಯಲ್ಲಿರುವ ಭಾವ, "37ಕ್ಕೆಲ್ಲ ಬಿಸಿಗಾಳಿ ಎನ್ನುತ್ತಾರೆಯೇ?" ಎಂದು ಫೋನಿನಲ್ಲಿ ನಕ್ಕರು. ಇವುಗಳಲ್ಲಿ ಯಾವುದನ್ನು ನಂಬಬೇಕು, ಇಷ್ಟು ಬೇಗ ಕಾದರೆ ಮಳೆಯೂ ಬೇಗ ಬರುತ್ತದೆಯೇ, ಮತ್ತು ಮೇ ತಿಂಗಳಿಗೆಂದು ಉಳಿಸಬೇಕಾದ ನೀರನ್ನು ಈಗಲೇ ಮರಗಳಿಗೆ ಹೆಚ್ಚು ಬಿಡಬೇಕೇ ಎಂಬುದನ್ನು ತಿಳಿದವರು ಹೇಳಬೇಕಾಗಿ ಕೋರಿಕೆ.

ಉತ್ತರ – ಗಾಳಿಕೋಳಿ

ಹವಾಮಾನ ವೀಕ್ಷಣೆಯ ಕೆಲಸದಲ್ಲಿ ಕೆಲವು ವರ್ಷ ಇದ್ದವನು ನಾನು. ಮೊದಲು ನಿಮ್ಮ ಭಾವನವರ ನಗುವಿಗೆ ಉತ್ತರ. ಬಿಸಿಗಾಳಿ ಎಂದು ಘೋಷಿಸಲು ಇಲಾಖೆ ಬಳಸುವ ಅಳತೆ ಎಲ್ಲೆಡೆಗೂ ಒಂದೇ ಅಲ್ಲ: ಬಯಲುಸೀಮೆಯಲ್ಲಿ ಗರಿಷ್ಠ ತಾಪಮಾನ ಕನಿಷ್ಠ 40 ಡಿಗ್ರಿ ಮುಟ್ಟಬೇಕು, ಗುಡ್ಡಗಾಡಿನಲ್ಲಿ 30, ಕರಾವಳಿಯಲ್ಲಿ 37, ಜೊತೆಗೆ ಅದು ಆ ದಿನದ ವಾಡಿಕೆಗಿಂತ 4.5 ಡಿಗ್ರಿಯಷ್ಟಾದರೂ ಮೇಲಿರಬೇಕು. ಮಂಗಳೂರಿನಲ್ಲಿ ಈ ಹೊತ್ತಿನ ವಾಡಿಕೆ 33ರ ಆಸುಪಾಸು ಇರುವುದರಿಂದ 38 ಎಂಬುದು ಇಲ್ಲಿಗೆ ಅಸಹಜವೇ. ಕಲಬುರಗಿಯಲ್ಲಿ ಬೆವರು ಹುಟ್ಟಿದ ಕೂಡಲೇ ಆರುತ್ತದೆ, ಇಲ್ಲಿ ಮೈಮೇಲೆಯೇ ನಿಲ್ಲುತ್ತದೆ. ನಾವು ‘ಸೆಖೆ’ ಎಂಬ ಬೇರೆ ಮಾತನ್ನೇ ಇಟ್ಟುಕೊಂಡಿರುವುದು ಸುಮ್ಮನೆ ಅಲ್ಲ.

ಇನ್ನು ಕಾರಣ. ಫೆಬ್ರುವರಿ ಮತ್ತು ಮಾರ್ಚಿನಲ್ಲಿ ಕರಾವಳಿ ಕಾಯುವುದು ಸೂರ್ಯನಿಂದ ಮಾತ್ರವಲ್ಲ, ಮೂಡಣ ಗಾಳಿಯಿಂದ. ಒಣಗಾಳಿ ಘಟ್ಟ ಇಳಿಯುವಾಗ ಒತ್ತಡ ಹೆಚ್ಚಿ, ಪ್ರತಿ ಕಿಲೋಮೀಟರಿಗೆ ಹತ್ತಿರಹತ್ತಿರ 10 ಡಿಗ್ರಿಯಷ್ಟು ಬಿಸಿಯಾಗುತ್ತದೆ. ಸುಮಾರು 900 ಮೀಟರ್ ಎತ್ತರದ ಸಕಲೇಶಪುರದ ಕಡೆ ಹಿತವೆನಿಸುವ 29 ಡಿಗ್ರಿಯ ಗಾಳಿ, ದಾರಿಯಲ್ಲಿ ಬೇರೆ ಗಾಳಿಯೊಡನೆ ಬೆರೆಯದೆ ಕೆಳಗಿಳಿದರೆ, ನಿಮ್ಮಲ್ಲಿಗೆ ಬರುವಾಗ 38ರ ಸಮೀಪವಿರುತ್ತದೆ. ಇದಕ್ಕೆ ತಡೆ ಎಂದರೆ ಕಡಲ ಗಾಳಿ ಮಾತ್ರ. ಅದು ಹನ್ನೊಂದು ಗಂಟೆಯ ಹೊತ್ತಿಗೆ ಬೀಸತೊಡಗಿದರೆ ಮಂಗಳೂರಿನ ತಾಪಮಾನ ಅಲ್ಲಿಗೇ ನಿಲ್ಲುತ್ತದೆ. ಮೂಡಣ ಗಾಳಿ ಬಲವಾಗಿದ್ದು ಅದನ್ನು ಮಧ್ಯಾಹ್ನ ಎರಡರವರೆಗೆ ತಡೆದು ನಿಲ್ಲಿಸಿದ ದಿನ ಪಾದರಸ ಏರುತ್ತಲೇ ಹೋಗುತ್ತದೆ. ಪುತ್ತೂರು ಇನ್ನೂ ಒಳಗಿರುವುದರಿಂದ ನಿಮಗೆ ಆ ಗಾಳಿ ತಡವಾಗಿ, ಬಡವಾಗಿ ತಲುಪುತ್ತದೆ. ಆದ್ದರಿಂದ ಆ್ಯಪಿನ ಅಂಕಿಗಿಂತ ಗಾಳಿ ತಿರುಗುವ ಗಳಿಗೆಯನ್ನು ಗಮನಿಸುವುದು ಹೆಚ್ಚು ಉಪಯುಕ್ತ ಎಂದು ನನ್ನ ಅಭಿಪ್ರಾಯ.

ನಿಮ್ಮ ಥರ್ಮಾಮೀಟರ್ ಸುಳ್ಳು ಹೇಳುತ್ತಿಲ್ಲ, ಆದರೆ ಗೋಡೆಯ ಕಾವನ್ನೂ ಸೇರಿಸಿ ಹೇಳುತ್ತಿದೆ. ಕೇಂದ್ರಗಳಲ್ಲಿ ಗಾಳಿಯಾಡುವ, ಬಿಳಿ ಬಣ್ಣದ ಮರದ ಪೆಟ್ಟಿಗೆಯೊಳಗೆ, ನೆಲದಿಂದ ಸುಮಾರು ನಾಲ್ಕು ಅಡಿ ಮೇಲೆ ಅಳೆಯುತ್ತಾರೆ.

ಉತ್ತರ – ಕಾಫಿಕಣ (ಸಕಲೇಶಪುರ)

ನಮ್ಮ ಗಾಳಿಯನ್ನು ನಿಮ್ಮೂರಿನವರು ಬಯ್ಯುತ್ತಿರುವುದು ಈಗ ಅರ್ಥವಾಯಿತು! ಮಳೆಯ ವಿಷಯ ಮಾತ್ರ ಹೇಳುತ್ತೇನೆ, ಏಕೆಂದರೆ ನಾವು ರೊಬಸ್ಟಾ ಕಾಫಿ ಬೆಳೆಯುವವರು ಈಗ ಆಕಾಶ ನೋಡುತ್ತಲೇ ಕುಳಿತಿರುತ್ತೇವೆ. ಹೂಮಳೆಯಾಗಿ ಒಂದು ಇಂಚಿನಷ್ಟು ಸುರಿದರೆ ಮೊಗ್ಗು ಅರಳುತ್ತದೆ, ಹೂವು ಕಾಯಿಕಟ್ಟಲು ಮುಂದಿನ ಎರಡು ಮೂರು ವಾರಗಳಲ್ಲಿ ‘ಬ್ಯಾಕಿಂಗ್’ ಎನ್ನುವ ಎರಡನೆಯ ಮಳೆ ಬೇಕು. ಬಾರದಿದ್ದರೆ ಕೆರೆಯ ನೀರನ್ನು ಸ್ಪ್ರಿಂಕ್ಲರಿನಲ್ಲಿ ಹೊಡೆಯಬೇಕು. ಒಳನಾಡಿನ ಮೇಲೆ ಎರಡು ದಿಕ್ಕಿನ ಗಾಳಿ ಸಂಧಿಸುವ ಪಟ್ಟಿಯೊಂದು ಏರ್ಪಟ್ಟಾಗ ಈ ಗುಡುಗು ಮಳೆ ಬರುತ್ತದೆ. ಅದು ಒಂದು ಎಸ್ಟೇಟಿಗೆ ಸುರಿದು ಪಕ್ಕದ್ದನ್ನು ಬಿಟ್ಟುಹೋಗುವಷ್ಟು ಚೆಲ್ಲಾಪಿಲ್ಲಿ. ಇಂಥ ಮಳೆಯನ್ನು ಲೆಕ್ಕಕ್ಕೆ ಹಿಡಿದು ಘಟ್ಟದ ಕೆಳಗೆ ನೀರಿನ ಯೋಜನೆ ಹಾಕುವುದು ಸರಿಯಲ್ಲ.

ಬೇಗ ಕಾದರೆ ಬೇಗ ಮಳೆ ಎಂಬ ಲೆಕ್ಕವನ್ನು ನಾನು ನಂಬುವುದಿಲ್ಲ. ಕೇರಳಕ್ಕೆ ಮುಂಗಾರು 2022ರಲ್ಲಿ ಮೇ 29ಕ್ಕೆ, 2023ರಲ್ಲಿ ಜೂನ್ 8ಕ್ಕೆ, 2024ರಲ್ಲಿ ಮೇ 30ಕ್ಕೆ ಬಂತು. ಮುಂಗಾರಿನ ಪ್ರವೇಶವನ್ನು ನಿರ್ಧರಿಸುವುದು ಮೇ ತಿಂಗಳಲ್ಲಿ ಸಮುದ್ರದ ಮೇಲಿನ ಗಾಳಿ, ಫೆಬ್ರುವರಿಯ ಬಿಸಿಲಲ್ಲ.

ಉತ್ತರ – ಸೋಗೆಮುಚ್ಚಿಗೆ (ಸುಳ್ಯ)

ನೀರಿನ ಬಗ್ಗೆ. ‘ಪತ್ತನಾಜೆಗೆ ಹತ್ತು ಹನಿ’ ಎಂಬ ನಮ್ಮ ಹಿರಿಯರ ಮಾತಿನಂತೆ, ಪತ್ತನಾಜೆ (ತುಳುವರ ಬೇಶ ತಿಂಗಳ ಹತ್ತನೆಯ ದಿನ) ಬರುವ ಮೇ 24ರ ಸುಮಾರಿಗೆ ಮಳೆಯ ಆಸೆ ಇಟ್ಟುಕೊಳ್ಳಬಹುದು, ಆದರೆ ನೀರಿನ ಲೆಕ್ಕವನ್ನು ಜೂನ್ ಎರಡನೆಯ ವಾರದವರೆಗೆ ಹಾಕಿಕೊಳ್ಳಿ. ಬುಡಕ್ಕೆ ನೀರು ಬಿಡುವವರಿಗೆ ಶಿಫಾರಸು ಇರುವುದು ಮರವೊಂದಕ್ಕೆ ಒಮ್ಮೆಗೆ ಸುಮಾರು 175 ಲೀಟರ್; ಜನವರಿ–ಫೆಬ್ರುವರಿಯಲ್ಲಿ ಆರು ದಿನಕ್ಕೊಮ್ಮೆ, ಮಾರ್ಚಿನಿಂದ ಮೂರರಿಂದ ಐದು ದಿನಕ್ಕೊಮ್ಮೆ. ಹನಿ ನೀರಾವರಿಯಲ್ಲಾದರೆ ದಿನಕ್ಕೆ 16ರಿಂದ 20 ಲೀಟರ್ ಸಾಕಾಗುತ್ತದೆ. ನಿಮ್ಮ ಬಾವಿಯ ಸ್ಥಿತಿಗೆ ನಾನಾದರೆ ಈ ವಾರ ನೀರಿನ ಪ್ರಮಾಣ ಹೆಚ್ಚಿಸದೆ, ಅಂತರವನ್ನು ಮಾತ್ರ ಆರರಿಂದ ಐದು ದಿನಕ್ಕಿಳಿಸಿ, ಬುಡಕ್ಕೆ ಸೊಪ್ಪು ಸೋಗೆ ದಪ್ಪವಾಗಿ ಹೊದೆಸುತ್ತಿದ್ದೆ. ತೇವ ಏರುಪೇರಾದರೆ ನಳ್ಳಿ (ಎಳೆಯ ಅಡಿಕೆ ಕಾಯಿ) ಉದುರುವುದು ಹೆಚ್ಚುತ್ತದೆ ಎಂಬುದು ನನ್ನ ತೋಟದ ಅನುಭವ. ನೈಋತ್ಯದ ಬಿಸಿಲು ನೇರವಾಗಿ ಬೀಳುವ ಅಂಚಿನ ಮರಗಳ ಕಾಂಡಕ್ಕೆ ಸುಣ್ಣ ಬಳಿದಿಲ್ಲವಾದರೆ ಈಗಲಾದರೂ ಬಳಿಯಿರಿ. ಕಾಂಡ ಸೀಳಿದ ಮೇಲೆ ಮಾಡುವಂಥದ್ದೇನೂ ಇಲ್ಲ.

ಮಂಗಳವಾರ ಮತ್ತು ಶುಕ್ರವಾರ ಬರುವ ಕೃಷಿ ಹವಾಮಾನ ಸಲಹೆಯನ್ನು ತಪ್ಪದೆ ನೋಡಿ. ಗುರುವಾರದ ನಾಲ್ಕು ವಾರಗಳ ಮುನ್ನೋಟ ಇಡೀ ಕರಾವಳಿ ವಿಭಾಗಕ್ಕೆ ಸಂಬಂಧಿಸಿದ್ದು, ಅದರಲ್ಲಿ ನಿಮ್ಮ ತೋಟದ ಕಣಿವೆಯನ್ನು ಹುಡುಕಬೇಡಿ.

ತೋಡಿನಕರೆ

ಮೂವರಿಗೂ ಕೃತಜ್ಞತೆಗಳು. ಥರ್ಮಾಮೀಟರನ್ನು ಜಗಲಿಯಿಂದ ತೆಗೆದು ಬಾವಿಯ ಬಳಿಯ ಹಲಸಿನ ಮರದ ನೆರಳಿನಲ್ಲಿ ತೂಗುಹಾಕಿದೆ. ಇಂದಿನ ಗರಿಷ್ಠ 37.5. ತೆಂಗಿನ ಗರಿಗಳು ಪಡುವಣಕ್ಕೆ ಬಾಗಿಕೊಂಡೇ ಇದ್ದು, ಮೂರು ಗಂಟೆಯ ಮೇಲಷ್ಟೇ ಗಾಳಿ ತಿರುಗಿತು. ನಾಳೆ ಸುಣ್ಣ ತರಲು ಪೇಟೆಗೆ ಹೋಗುತ್ತಿದ್ದೇನೆ.